ಹಲ್ಲಿನ ಬಾಬ್ತು

ನಮ್ಮದು ಎರಡು ಕೋಣೆಯ ಮ್ಯೂಸಿಯಂ.
ಎವಿಯ ದ್ವೀಪದ ತೆಂಕಣ ತುದಿ, ಮುಚ್ಚಿಹೋದ ಶಾಲೆ,
ಕರಿಹಲಗೆ ಇನ್ನೂ ಗೋಡೆಯ ಮೇಲೇ ಇದೆ.
ನನ್ನ ಕೆಲಸ ದಾಖಲೆ ಪುಸ್ತಕ ಬರೆಯುವುದು:
ವಸ್ತು, ಏತರದ್ದು, ಉದ್ದ, ತೂಕ, ಈಗಿನ ಸ್ಥಿತಿ.
ಕುರಿಯ ಗಂಟೆ, ಹಿತ್ತಾಳೆ, ನಾಲಗೆ ಇಲ್ಲ.
ಚೀಸ್ ಸೋಸುವ ಬುಟ್ಟಿ, ಜೊಂಡು, ಇಲಿ ಕಡಿದಿದೆ.
ಕುರುಬನ ಕೋಲು, ಆಲಿವ್ ಮರ, ಹಿಡಿ ಸವೆದಿದೆ.
ಸವೆಸಿದ ಕೈಗೆ ಅಂಕಣವಿಲ್ಲ.

ಮಾರ್ಚಿಯಲ್ಲಿ ಅಥೆನ್ಸಿನಿಂದ ಕಾಗದ ಬಂತು:
ನಿಮ್ಮೂರ ಸಿಳ್ಳೆಮಾತನ್ನೂ ಸಂಗ್ರಹಕ್ಕೆ ಸೇರಿಸಿ.
ಜೊತೆಗೆ ಒಂದಿಷ್ಟು ಹಣ, ಗಾಜಿನ ಕಪಾಟಿಗೆಂದು.
ನಾನು ಪೆನ್ನು ಹಿಡಿದು ಕೂತೆ.
ವಸ್ತು: ಸಿಳ್ಳೆ. ಏತರದ್ದು: ಉಸಿರು.
ಉದ್ದ: ಈ ಗುಡ್ಡದಿಂದ ಆ ಗುಡ್ಡಕ್ಕೆ,
ಗಾಳಿ ಬಡಗಣದ್ದಾದರೆ ಇನ್ನೂ ಒಂದು ಕಣಿವೆ.
ತೂಕದ ಅಂಕಣದಲ್ಲಿ ಗೆರೆ ಎಳೆದೆ.
ಈಗಿನ ಸ್ಥಿತಿ
ಎಂಬಲ್ಲಿ ನಿಂತು, ಕೋಟು ಹಾಕಿಕೊಂಡು
ಝಂಬೆತ್ತಾಳ ಮನೆಗೆ ಹೋದೆ.

ಎಂಬತ್ತಾರು ವರ್ಷ. ಒಲೆಯ ಪಕ್ಕ ಬಟಾಣಿ ಸುಲಿಯುತ್ತಿದ್ದಳು.
ಬಾಯಿ ತೆರೆದು ತೋರಿಸಿದಳು: ಮೇಲೆ ಒಂದು, ಕೆಳಗೆ ಎರಡು,
ಮಳೆಗೆ ಜರಿದ ಕಲ್ಲುಗೋಡೆಯ ಹಾಗೆ.
"ಉಸಿರು ತಿರುಗಲು ಒಂದು ಅಂಚು ಬೇಕಲ್ಲವೇನೇ ಥಿಯೋನಿ,
ಕಿಟಕಿ ಸಂದಿಯೇ ಇಲ್ಲದೆ ಗಾಳಿ ಊಳಿಡುತ್ತದೆಯೇ?"
ತುಟಿ ಮಡಿಸಿ ಊದಿದಳು. ಬಂದದ್ದು ಬರಿಯ ಉಫ್,
ಬಿಸಿ ಸಾರು ಆರಿಸುವಷ್ಟು.
ನಕ್ಕಳು. ನಾನು ನಗಲಿಲ್ಲ.
ಹಲ್ಲಿದ್ದಾಗ ಕಡಲೆ ಇರಲಿಲ್ಲ ಈ ಊರಿಗೆ;
ಈಗ ಅಥೆನ್ಸ್ ಕಡಲೆ ಕಳಿಸಿದೆ, ಗಾಜಿನ ಭರಣಿಯಲ್ಲಿ.

ಟೇಪುಗಳಿವೆ, ಹೌದು. ಹದಿನೇಳು.
ಯಾರೋ ಪ್ರೊಫೆಸರು ಒಂದು ಬೇಸಿಗೆ ತುಂಬಿಕೊಂಡು ಹೋದದ್ದು.
ಪ್ರವಾಸಿಗರು ಗುಂಡಿ ಒತ್ತಿ, ಹಕ್ಕಿಯೇ, ಅನ್ನುತ್ತಾರೆ.
ಹಕ್ಕಿಗೆ ಸಾಲವಿತ್ತೆ, ಹೆರಿಗೆ ನೋವಿತ್ತೆ?
ಸಿಳ್ಳೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ;
ನನ್ನ ಚಿಕ್ಕಮ್ಮನ ಮದುವೆ ಮುರಿದದ್ದು
ಎರಡು ಗುಡ್ಡದ ನಡುವೆ, ಇಡೀ ಊರ ಕಿವಿಯೆದುರು.
ಒಮ್ಮೆ ಝಂಬೆತ್ತಾಳಿಗೂ ಟೇಪು ಕೇಳಿಸಿದೆ.
ಕಿವಿಗೊಟ್ಟಳು, ಕೆಂಪಾದಳು:
"ನನ್ನ ಗಂಡ. ಕತ್ತೆ ಸಿಕ್ಕಿತಂತೆ,
ಬರುವಾಗ ಉಪ್ಪು ತಾ ಅನ್ನುತ್ತಿದ್ದಾನೆ."
ಆಮೇಲೆ ಯಂತ್ರದ ಕಡೆ ಬಾಗಿ ಕಾದಳು,
ಉತ್ತರಕ್ಕೆ ಅದು ಜಾಗ ಬಿಟ್ಟೀತೆಂದು.
ಟೇಪು ಮುಂದಿನ ಸಿಳ್ಳೆಗೆ ಹೋಯಿತು.

ಸಮಿತಿಯಲ್ಲಿ ನಾವು ಐದು ಜನ. ಪಾದ್ರಿ ಕೆಮ್ಮಿದರು.
ಕಪಾಟಿನ ಹಣದಲ್ಲಿ ಕಪಾಟು ತಾನೇ, ಎಂದರು ಖಜಾಂಚಿ.
ನಾನು ಪುಟ ತಿರುಗಿಸಿ ತೋರಿಸಿದೆ:
ಗಂಟೆಗೆ ಪಾಲಿಶ್, ಬುಟ್ಟಿಯ ಬಾಬ್ತು ಇಲಿಪಾಷಾಣ,
ಕೋಲಿಗೆ ಎಣ್ಣೆ, ವರ್ಷಕ್ಕೆರಡು ಸಲ.
ಇದೂ ದುರಸ್ತಿಯೇ. ಮೂವರು ಕೈ ಎತ್ತಿದರು.
ಕರಿಸ್ತೋಸ್ ಪೇಟೆಯ ದಂತವೈದ್ಯ ಅಚ್ಚು ತೆಗೆದ:
ಗುಲಾಬಿ ವಸಡು, ಇಪ್ಪತ್ತೆಂಟು ಹಲ್ಲು.
ರಸೀದಿಯನ್ನು ಸಂರಕ್ಷಣೆಯ ಕಡತಕ್ಕೆ ಸೇರಿಸಿದೆ.

ಮೊದಲ ತಿಂಗಳು ಏನೂ ಇಲ್ಲ. ಹಲ್ಲುಸೆಟ್ಟು ಜಾರುತ್ತಿತ್ತು,
ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.
ಜೂನಿನ ಒಂದು ಸಂಜೆ ನಾನು ಬೀಗ ಹಾಕುತ್ತಿದ್ದೆ,
ಅವಳ ಅಂಗಳದಿಂದ ಒಂದು ಸೀಳು ಎದ್ದಿತು,
ಓರೆ, ನಡುವೆ ಮುರಿದದ್ದು.
ಆಚೆ ಗುಡ್ಡದಲ್ಲಿ ಲಿನಾರ್ದೋಸ್, ಅವನಿಗೆ ಹಲ್ಲುಂಟು, ಕಿವಿ ಮಂದ,
ತಿರುಗಿಯೂ ನೋಡಲಿಲ್ಲ.
ತಿರುಗಿದವನು ಅವನ ಆಡು ಕಾಯುವ ಹುಡುಗ,
ಅಲ್ಬೇನಿಯದ ಪೆಲುಂಬ್.
ಎರಡು ಬೆರಳು ಬಾಯಿಗಿಟ್ಟು ಏನೋ ಊದಿದ.
ತಪ್ಪು. ಪೂರ್ತಿ ತಪ್ಪು. ಅದಕ್ಕೆ ಅರ್ಥವೇ ಇಲ್ಲ,
ಇದ್ದರೆ, ಉಪ್ಪಿನ ಕತ್ತೆ.
ಅವಳು ತಿದ್ದಿದಳು. ಅವನು ಮತ್ತೆ ಊದಿದ.
ಅವಳು ಬೈದು ತಿದ್ದಿದಳು; ಬೈಗುಳವೂ ಸಿಳ್ಳೆಯಲ್ಲೇ.
ಕತ್ತಲಾದದ್ದು ಆಡುಗಳಿಗೆ ಮೊದಲು ಗೊತ್ತಾಯಿತು.

ಬೀಗ ತೆಗೆದು ಮತ್ತೆ ಒಳಗೆ ಹೋದೆ.
ಪುಸ್ತಕ ತೆರೆದೇ ಇತ್ತು.
ಅಳಿಸಲು ಬರುವಂತೆ ಪೆನ್ಸಿಲಿನಲ್ಲಿ ಬರೆದೆ,
ಈಗಿನ ಸ್ಥಿತಿ:
ಉಚ್ಚಾರ ಸರಿಯಿಲ್ಲ.